ನೀರಿನ ನಂಟು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳ ಸೀಮೆ ಬಹುಕಾಲದಿಂದ ಬರಗಾಲಕ್ಕೆ ಹೆಸರಾದುದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 60 ಸೆಂಟಿಮೀಟರುಗಳ ಆಸುಪಾಸಿನಲ್ಲಿದೆ. ಅದೂ ಹೊತ್ತಿಗೆ ಸರಿಯಾಗಿ ಬಂದೀತೆಂಬ ಭರವಸೆಯಿಲ್ಲ. ಆದರೂ ಈ ಸೀಮೆಯ ಉತ್ತರದ ಅಂಚಿನಲ್ಲಿ ಭೀಮಾ ನದಿ, ದಕ್ಷಿಣದ ಅಂಚಿನಲ್ಲಿ ಕೃಷ್ಣಾ ನದಿ ಹರಿಯುತ್ತವೆ. ನಡುವೆ ಡೋಣಿಯಿದೆ. ಡೋಣಿಯ ನೀರು ಸವಳು, ಕುಡಿಯಲು ಒಗ್ಗದು; ಆದರೆ ಅದರ ಕಣಿವೆಯ ಎರೆಮಣ್ಣು ಬಿಳಿಜೋಳದ ಬೆಳೆಗೆ ಪ್ರಸಿದ್ಧವಾದುದು. ಎರಡು ದೊಡ್ಡ ನದಿಗಳ ನಡುವೆ ಇದ್ದೂ ನೀರಿಗಾಗಿ ಹಂಬಲಿಸಿದ ಜನ ನೀರಿನೊಡನೆ ಹೇಗೆ ಬಾಳಿದರು, ಅವರ ಆ ವಿದ್ಯೆ ಇಂದು ನಮಗೆ ಏಕೆ ಮತ್ತೆ ಬೇಕಾಗಿದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮನುಷ್ಯನು ಸಂಘಜೀವಿ. ದುಡಿಮೆಗೆ ಅವನಿಗೆ ಜೊತೆ ಬೇಕು. ದುಡಿಮೆ ಮುಗಿದ ಮೇಲೆ ವಿರಾಮಕ್ಕೂ ಜೊತೆ ಬೇಕು. ವಿರಾಮದ ವೇಳೆಯನ್ನು ಇಷ್ಟಪಟ್ಟು ಕಳೆಯುವ ಬಗೆಯನ್ನೇ ನಾವು ಹವ್ಯಾಸವೆನ್ನುತ್ತೇವೆ. ಕೆಲವು ಹವ್ಯಾಸಗಳು ಒಬ್ಬನಿಗೇ ಸಾಕು. ಕೆಲವು ಹಲವರು ಕೂಡಿದಾಗಲೇ ಕಳೆಗಟ್ಟುತ್ತವೆ. ಇದಕ್ಕೆ ಇದೇ ಸೀಮೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. ಹಿಂದಿನ ಇಂಡಿ ತಾಲ್ಲೂಕಿನ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಒಂದುಗೂಡಿದರು. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದುಕೊಳ್ಳುವುದು ಅವರ ಹವ್ಯಾಸವಾಗಿತ್ತು. ಆ ಹವ್ಯಾಸದ ಫಲವಾಗಿ ‘ಗರತಿಯ ಹಾಡು’ ಎಂಬ ಸಂಕಲನ ಹೊರಬಂದು, ಕನ್ನಡ ಜಾನಪದಕ್ಕೆ ಹೊಸ ದಾರಿ ತೋರಿತು. ಒಬ್ಬೊಬ್ಬರೇ ಇದ್ದಿದ್ದರೆ ಆಗದ ಕೆಲಸ ಗೆಳೆತನದಿಂದ ಆಯಿತು.

ಹಾಡು ಕೂಡಿಸಿದಂತೆ ನೀರೂ ಈ ಸೀಮೆಯ ಜನರನ್ನು ಕೂಡಿಸಿತು. ಮಕರ ಸಂಕ್ರಾಂತಿಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುವುದು ಇಲ್ಲಿಯ ಹಳೆಯ ವಾಡಿಕೆ. ಹೊಳೆಯಲ್ಲಿ ಮಿಂದು, ದಡದ ನೆರಳಿನಲ್ಲಿ ಕುಳಿತು ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಹಂಚಿಕೊಂಡು ಉಣ್ಣುವಾಗ ನೆರೆಹೊರೆಯವರೂ ಬಂಧುಗಳಾಗುತ್ತಾರೆ. ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮಕ್ಕೆ ಅಂದು ಸಾವಿರಾರು ಜನ ಬರುತ್ತಾರೆ. ಆದರೆ ಹೊಳೆ ಎಲ್ಲ ಊರುಗಳಿಗೂ ಹತ್ತಿರವಿಲ್ಲ. ಒಳನಾಡಿನ ಹಳ್ಳಿಗಳಿಗೆ ಹೊಳೆಯಾದುದು ತೋಟದ ಬಾವಿ.

ಪಂಪುಗಳು ಬರುವ ಮೊದಲು ಎತ್ತುಗಳಿಂದ ಕಪಿಲೆ ಹೊಡೆದು ನೀರೆತ್ತುತ್ತಿದ್ದ ಅಗಲವಾದ ಬಾವಿಗಳು ಈ ಸೀಮೆಯಲ್ಲಿ ಬಹಳವಾಗಿದ್ದವು. ಕೆಲವಕ್ಕೆ ನೀರಿನವರೆಗೆ ಇಳಿಯಲು ಕಲ್ಲಿನ ಪಾವಟಿಗೆಗಳಿದ್ದವು. ಬೇಸಿಗೆಯ ರಜೆ ಬಂತೆಂದರೆ ಊರ ಹುಡುಗರೆಲ್ಲ ಅಲ್ಲಿ ನೆರೆಯುತ್ತಿದ್ದರು. ಹೊರಗೆ ರಣಬಿಸಿಲು, ಒಳಗೆ ತಣ್ಣನೆಯ ನೀರು. ದಂಡೆಯಿಂದ ಜಿಗಿಯುವುದು, ತಳಕ್ಕೆ ಮುಳುಗಿ ಒಂದು ಹಿಡಿ ಮಣ್ಣು ತಂದು ತೋರಿಸುವುದು, ಅಂಗಾತ ಮಲಗಿ ಕೈಕಾಲಾಡಿಸದೆ ತೇಲುವುದು, ಒಬ್ಬರನ್ನೊಬ್ಬರು ಬೆನ್ನಟ್ಟಿ ಮುಟ್ಟುವುದು ಇವೆಲ್ಲ ಅಲ್ಲಿಯ ಆಟಗಳು. ಈ ಸೀಮೆಯ ಮಾತಿನಲ್ಲಿ ಈಜಿಗೆ ‘ಈಸು’ ಎನ್ನುತ್ತಾರೆ. ಈಸು ಬಾರದವನು ದಂಡೆಯ ಮೇಲೆ ಒಬ್ಬನೇ ಕುಳಿತಿರಬೇಕಾಗುತ್ತಿತ್ತು. ಗೆಳೆಯರ ಗುಂಪಿಗೆ ಸೇರಬೇಕೆಂಬ ಆಸೆಯೇ ಅನೇಕರಿಗೆ ನೀರಿನ ಭಯವನ್ನು ಬಿಡಿಸುತ್ತಿತ್ತು.

ಈಜು ಕಲಿಸುವ ಕ್ರಮವೂ ಸರಳವಾಗಿತ್ತು. ಮನೆಯ ಹಿರಿಯರಲ್ಲಿ ಯಾರಾದರೊಬ್ಬರು, ತಂದೆಯೋ ಕಾಕನೋ ಸೋದರಮಾವನೋ ಹಿರಿಯಣ್ಣನೋ, ಗುರುವಾಗುತ್ತಿದ್ದರು. ಕಲಿಯುವವನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಇಲ್ಲವೆ ಹಗುರವಾದ ಬೆಂಡನ್ನು ಕಟ್ಟುತ್ತಿದ್ದರು. ನಡುವಿಗೆ ಹಗ್ಗ ಬಿಗಿದು ಅದರ ತುದಿಯನ್ನು ತಮ್ಮ ಕೈಯಲ್ಲಿ ಹಿಡಿಯುತ್ತಿದ್ದರು. ಮುಂದೆ ವಾಹನದ ಗಾಲಿಯ ಟ್ಯೂಬು, ಬಾಯಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಗಳು ಬುರುಡೆಯ ಸ್ಥಾನವನ್ನು ಪಡೆದವು. ಕೆಲವು ದಿನಗಳಾದ ಮೇಲೆ ಬುರುಡೆಯನ್ನು ಬಿಚ್ಚುತ್ತಿದ್ದರು. ಹಗ್ಗ ಮಾತ್ರ ಇರುತ್ತಿತ್ತು. ಕಡೆಗೆ ಹಗ್ಗವೂ ಹೋಗುತ್ತಿತ್ತು. ಆದರೆ ಹಿರಿಯರ ಕಣ್ಣು ಹೋಗುತ್ತಿರಲಿಲ್ಲ. ಹರಿಗೋಲಿನ ಅಂಬಿಗರಂತೂ ನೀರಿನ ಪಂಡಿತರೇ ಆಗಿದ್ದರು. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿ ಮಾಡಿದ ಹರಿಗೋಲಿನಲ್ಲಿ ಅವರು ಜನರನ್ನೂ ಧಾನ್ಯವನ್ನೂ ದನಕರುಗಳನ್ನೂ ಹೊಳೆ ದಾಟಿಸುತ್ತಿದ್ದರು. ಎಲ್ಲಿ ಸುಳಿ, ಎಲ್ಲಿ ಮಡುವು, ಎಲ್ಲಿ ಬಂಡೆ ಎಂಬುದು ಅವರಿಗೆ ಕರತಲಾಮಲಕವಾಗಿತ್ತು. 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನು ಈ ಕಾಯಕದ ಹೆಸರನ್ನೇ ತನ್ನ ವಚನಗಳ ಅಂಕಿತವಾಗಿ ಇರಿಸಿಕೊಂಡನೆಂಬುದನ್ನು ಇಲ್ಲಿ ನೆನೆಯಬಹುದು.

ಬುರುಡೆ ಕಟ್ಟಿ ಕಲಿಸುವ ಈ ಕ್ರಮದ ಹಿಂದೆ ಇರುವ ತತ್ತ್ವವನ್ನು ವಿಜ್ಞಾನವು ವಿವರಿಸುತ್ತದೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿದ್ದ ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸನು, ದ್ರವದಲ್ಲಿ ಮುಳುಗಿದ ವಸ್ತುವನ್ನು ಅದು ಸ್ಥಳಾಂತರಿಸಿದ ದ್ರವದ ತೂಕದಷ್ಟೇ ಬಲ ಮೇಲಕ್ಕೆ ತಳ್ಳುತ್ತದೆಯೆಂದು ತೋರಿಸಿದನು. ಮನುಷ್ಯದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹುಮಟ್ಟಿಗೆ ಸಮ. ಪುಪ್ಪುಸಗಳಲ್ಲಿ ಗಾಳಿ ತುಂಬಿದಾಗ ಅದು ನೀರಿಗಿಂತ ಸ್ವಲ್ಪ ಕಡಿಮೆಯಾಗುತ್ತದೆ. ಗಾಳಿಯನ್ನು ಹೊರಬಿಟ್ಟಾಗ ಸ್ವಲ್ಪ ಹೆಚ್ಚುತ್ತದೆ. ಆದುದರಿಂದ ಉಸಿರು ತುಂಬಿ ಶಾಂತವಾಗಿ ಮಲಗಿದವರಲ್ಲಿ ಬಹುಪಾಲು ಜನರನ್ನು ನೀರು ತಾನೇ ಹೊತ್ತುಕೊಳ್ಳುತ್ತದೆ. ಆದರೆ ಗಾಬರಿಯಾದವನು ಮಾಡುವುದೇನು? ಕೈಗಳನ್ನು ಮೇಲಕ್ಕೆತ್ತುತ್ತಾನೆ, ತಲೆಯನ್ನು ಪೂರ್ತಿಯಾಗಿ ಹೊರಗೆ ಚಾಚಲು ಹೆಣಗುತ್ತಾನೆ, ಕೂಗಿ ಉಸಿರನ್ನು ಕಳೆದುಕೊಳ್ಳುತ್ತಾನೆ. ನೀರಿನಿಂದ ಹೊರಗೆತ್ತಿದ ಅಂಗಕ್ಕೆ ನೀರಿನ ಆಧಾರವಿರುವುದಿಲ್ಲ; ಅದರ ಭಾರವೆಲ್ಲ ಉಳಿದ ದೇಹವನ್ನು ಕೆಳಕ್ಕೆ ಒತ್ತುತ್ತದೆ. ಹೀಗೆ ಮನುಷ್ಯನನ್ನು ಮುಳುಗಿಸುವುದರಲ್ಲಿ ನೀರಿಗಿಂತ ಅವನ ಗಾಬರಿಯ ಪಾಲೇ ಅನೇಕ ವೇಳೆ ಹೆಚ್ಚಾಗಿರುತ್ತದೆ. ಬೆನ್ನಿಗೆ ಕಟ್ಟಿದ ಬುರುಡೆ ದೇಹವನ್ನು ತೇಲಿಸುವುದಕ್ಕಿಂತ ಮಿಗಿಲಾಗಿ ಈ ಗಾಬರಿಯನ್ನು ನೀಗಿಸುತ್ತಿತ್ತು.

ಇದೇ ಮಾತನ್ನು ಕಂಡುಕೊಂಡ ಇನ್ನೊಬ್ಬನು ದೂರದ ಅಮೆರಿಕದಲ್ಲಿದ್ದನು. ಬೆಂಜಮಿನ್ ಫ್ರಾಂಕ್ಲಿನ್ (1706–1790) ವಿಜ್ಞಾನಿಯೆಂದೂ ರಾಜನೀತಿಜ್ಞನೆಂದೂ ನಮಗೆ ಪರಿಚಿತನು. ಆದರೆ ಅವನು ಗೆಳೆಯರಿಲ್ಲದೆ ಒಂದು ದಿನವೂ ಇರಲಾರದ ಸ್ನೇಹಜೀವಿ. ಚದುರಂಗ, ಸಂಗೀತ, ಈಜು ಇವು ಅವನ ಹವ್ಯಾಸಗಳು. ಬಾಲ್ಯದಲ್ಲಿಯೇ ಅವನು ಅಂಗೈಗೆ ಹಿಡಿದುಕೊಂಡು ಈಜಲು ಮರದ ಹಲಗೆಗಳನ್ನು ಮಾಡಿಕೊಂಡಿದ್ದನು. 1726ರಲ್ಲಿ ಲಂಡನ್ನಿನಲ್ಲಿ ಗೆಳೆಯರೊಡನೆ ದೋಣಿಯಲ್ಲಿ ಹೋಗುತ್ತಿದ್ದಾಗ ಥೇಮ್ಸ್ ನದಿಗೆ ಜಿಗಿದು, ಚೆಲ್ಸಿಯಿಂದ ಬ್ಲಾಕ್‌ಫ್ರೈಯರ್ಸ್‌ವರೆಗೆ ನೀರಿನಲ್ಲಿ ಬಗೆಬಗೆಯ ಆಟಗಳನ್ನು ತೋರುತ್ತ ಈಜಿದನು. ಮರುವರ್ಷ ಫಿಲಡೆಲ್ಫಿಯದಲ್ಲಿ ಗೆಳೆಯರ ಕೂಟವೊಂದನ್ನು ಕಟ್ಟಿದನು. ಊರಿನ ಪುಸ್ತಕ ಭಂಡಾರ ಆ ಕೂಟದಿಂದಲೇ ಹುಟ್ಟಿತು. ಈಜು ಬಾರದ ಮಿತ್ರನೊಬ್ಬನಿಗೆ ಅವನು ಕೊಟ್ಟ ಸಲಹೆ ಪ್ರಸಿದ್ಧವಾಗಿದೆ. ಎದೆಮಟ್ಟದ ತಿಳಿನೀರಿಗೆ ಇಳಿದು, ದಡದ ಕಡೆಗೆ ತಿರುಗಿ ನಿಂತು, ತನಗೂ ದಡಕ್ಕೂ ನಡುವೆ ಒಂದು ಮೊಟ್ಟೆಯನ್ನು ಹಾಕಬೇಕು. ಅದು ತಳಕ್ಕೆ ಹೋಗುತ್ತದೆ. ಅದನ್ನು ಎತ್ತಿಕೊಳ್ಳಲು ಮುಳುಗಿದಾಗ, ನೀರು ತನ್ನನ್ನು ಮೇಲಕ್ಕೆ ತಳ್ಳುತ್ತಿರುವುದು ತಾನಾಗಿ ಅನುಭವಕ್ಕೆ ಬರುತ್ತದೆ. ಮುಂದೆ ಸಾಗುವುದೆಲ್ಲ ಆಳ ಕಡಿಮೆಯಾಗುವ ಕಡೆಗೇ ಆದುದರಿಂದ ಅಂಜಬೇಕಾಗಿಲ್ಲ. ಬಾವಿಯಲ್ಲಿ ಹಗ್ಗ ಹಿಡಿದ ಹಿರಿಯನೂ ಥೇಮ್ಸಿನಲ್ಲಿ ಈಜಿದ ಫ್ರಾಂಕ್ಲಿನ್ನನೂ ಕಲಿಸಿದ ಮೊದಲ ಪಾಠ ಒಂದೇ: ನೀರನ್ನು ನಂಬುವುದನ್ನು ಕಲಿಯಬೇಕು, ಆದರೆ ಕಾಪಿಲ್ಲದೆ ಕಲಿಯಬಾರದು.

ಈ ಸೀಮೆಯ ನೀರಿನ ಚಿತ್ರ ಕಳೆದ ಕೆಲವು ದಶಕಗಳಲ್ಲಿ ಬದಲಾಗಿದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಅಲ್ಲಿ ನಿಂತ ಜಲಾಶಯಕ್ಕೆ ಅವರ ಹೆಸರೇ ಬಂದಿದೆ. ಅದನ್ನು 2006ರಲ್ಲಿ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ರಾಷ್ಟ್ರಕ್ಕೆ ಸಮರ್ಪಿಸಿದರು. ಅದಕ್ಕಿಂತ ಕೆಳಗೆ ನಾರಾಯಣಪುರದಲ್ಲಿ ಬಸವಸಾಗರವಿದೆ. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯ ಶಾಖೆ ಇಂಡಿಯ ಕಡೆಗೂ ನೀರನ್ನು ಒಯ್ಯುತ್ತದೆ. ಮುಳವಾಡ ಏತನೀರಾವರಿಯಿಂದ ಬಾಗೇವಾಡಿಯ ಎತ್ತರದ ಹೊಲಗಳೂ ನೀರನ್ನು ಕಂಡಿವೆ. ಈ ನೀರಿಗಾಗಿ ಹೊಳೆಯ ದಂಡೆಯ ಅನೇಕ ಹಳ್ಳಿಗಳು ತಮ್ಮ ಮನೆ, ಹೊಲ, ಗುಡಿಗಳನ್ನು ಮುಳುಗಡೆಗೆ ಕೊಟ್ಟು ಬೇರೆಡೆಗೆ ಹೋಗಬೇಕಾಯಿತು. ಅವರ ತ್ಯಾಗವನ್ನು ಮರೆಯುವಂತಿಲ್ಲ.

ಇದೇ ಅವಧಿಯಲ್ಲಿ ಹಳೆಯ ಬಾವಿಗಳ ಕಾಲ ಮುಗಿಯುತ್ತ ಬಂದಿತು. ಕೊಳವೆಬಾವಿಗಳು ಅಂತರ್ಜಲವನ್ನು ಆಳಕ್ಕೆ ಎಳೆದವು. ತೆರೆದ ಬಾವಿಗಳು ಬತ್ತಿದವು. ಕೆಲವು ಕಸಕ್ಕೆ ಗುಂಡಿಗಳಾದವು. ಬಾವಿಯೊಡನೆ ಬಾವಿಯ ಗುರುವೂ ಮರೆಯಾದನು. ಸೇತುವೆಗಳು ಬಂದಂತೆ ಹರಿಗೋಲುಗಳು ಕಡಿಮೆಯಾದವು. ಹೀಗೆ ಊರಿನ ಹತ್ತಿರಕ್ಕೆ ನೀರು ಬಂದ ಕಾಲದಲ್ಲಿಯೇ ನೀರಿನ ವಿದ್ಯೆ ಊರಿನಿಂದ ದೂರವಾಯಿತು. ಇಂದಿನ ಹುಡುಗನ ಎದುರಿಗೆ ತುಂಬಿದ ಕಾಲುವೆಯಿದೆ; ಆದರೆ ಅವನ ನಡುವಿಗೆ ಹಗ್ಗ ಕಟ್ಟುವವರಿಲ್ಲ.

ಹೊಸ ನೀರಿನ ಸ್ವಭಾವವೂ ಬೇರೆ. ಕಾಲುವೆಯ ಇಳಿಜಾರಿನ ಕಾಂಕ್ರೀಟು ಪಾಚಿಗಟ್ಟಿ ಜಾರುತ್ತದೆ. ಒಮ್ಮೆ ಇಳಿದವನಿಗೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಮೇಲೆ ನಿಶ್ಚಲವಾಗಿ ಕಂಡರೂ ಒಳಗೆ ಸೆಳೆತವಿರುತ್ತದೆ. ಹೊಲಗಳಲ್ಲಿ ತೋಡಿದ ಕೃಷಿಹೊಂಡಗಳಿಗೆ ಹಾಸಿದ ಪ್ಲಾಸ್ಟಿಕ್ ಹೊದಿಕೆ ಅದಕ್ಕಿಂತಲೂ ಹೆಚ್ಚು ಜಾರುವಂಥದು. ಈಜು ಬಲ್ಲವನೂ ಅದರಿಂದ ಮೇಲೇರಲಾರದೆ ದಣಿಯುತ್ತಾನೆ. ಜಲಾಶಯದ ಹಿನ್ನೀರಿನಲ್ಲಿ ಕೆಸರು ಕಾಲನ್ನು ಹಿಡಿಯುತ್ತದೆ; ನಾಲ್ಕು ಹೆಜ್ಜೆಗಳಲ್ಲಿ ಆಳ ಇಮ್ಮಡಿಯಾಗಬಹುದು. ನದಿಯ ಪಾತ್ರದಲ್ಲಿ ಮರಳು ತೆಗೆದ ಹೊಂಡಗಳು ಮೇಲಿನಿಂದ ಕಾಣುವುದಿಲ್ಲ. ಇನ್ನೊಂದು ಸಂಗತಿಯನ್ನು ವಿಶೇಷವಾಗಿ ನೆನಪಿಡಬೇಕು. ಕೃಷ್ಣೆ ಮಹಾಬಳೇಶ್ವರದಲ್ಲಿಯೂ ಭೀಮೆ ಭೀಮಾಶಂಕರದಲ್ಲಿಯೂ ಹುಟ್ಟುತ್ತವೆ. ಅಲ್ಲಿ ಸಹ್ಯಾದ್ರಿಯಲ್ಲಿ ಮಳೆ ಸುರಿದರೆ, ಮೇಲಿನ ಜಲಾಶಯಗಳ ಬಾಗಿಲು ತೆರೆದರೆ, ಇಲ್ಲಿ ಒಂದು ಹನಿಯೂ ಬೀಳದ ದಿನ ಹೊಳೆ ಉಕ್ಕಬಹುದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಭಾಗದ ದಂಡೆಯ ಹಳ್ಳಿಗಳು ನೀರಿನ ನಡುವೆ ಸಿಲುಕಿದುದನ್ನು ಈ ಸೀಮೆಯವರು ಇನ್ನೂ ಮರೆತಿಲ್ಲ.

ಇದು ನಮ್ಮ ಸೀಮೆಯೊಂದರ ಸಮಸ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು; ಮಕ್ಕಳ ಮತ್ತು ಯುವಕರ ಪಾಲು ದೊಡ್ಡದು. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಸಾರಿತು. ಶಾಲೆಗೆ ಹೋಗುವ ಮಕ್ಕಳಿಗೆ ಈಜಿನ ಮೂಲಪಾಠ ಮತ್ತು ನೀರಿನಲ್ಲಿ ವಹಿಸಬೇಕಾದ ಎಚ್ಚರಗಳನ್ನು ಕಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳಲ್ಲಿ ಒಂದು. ನಮ್ಮ ಹಳ್ಳಿಯ ಹಿರಿಯರು ಬಾವಿಯಲ್ಲಿ ಮಾಡುತ್ತಿದ್ದುದೂ ಅದನ್ನೇ.

ನೀರಿನಿಂದ ನೊಂದವರು ನೀರನ್ನು ದೂರಬಹುದು. ಇಲ್ಲವೆ ನೀರನ್ನು ಅರಿಯಬಹುದು. ಹಂಗೇರಿಯ ಆಲ್ಫ್ರೆಡ್ ಹಾಯೋಶ್ 13 ವರ್ಷದ ಬಾಲಕನಾಗಿದ್ದಾಗ ಅವನ ತಂದೆ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ಮಡಿದನು. ಬಾಲಕನು ಒಳ್ಳೆಯ ಈಜುಗಾರನಾಗುವೆನೆಂದು ನಿಶ್ಚಯಿಸಿದನು. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ ಕ್ರೀಡೆಗಳಲ್ಲಿ ತೆರೆದ ಸಮುದ್ರದ ಕೊರೆಯುವ ನೀರಿನಲ್ಲಿ ಈಜಿ ಎರಡು ಸ್ಪರ್ಧೆಗಳನ್ನು ಗೆದ್ದನು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರತವನ್ನು ಪ್ರತಿನಿಧಿಸಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಅವರೂ ಎಳವೆಯಲ್ಲಿ ಮುಳುಗುವ ಅಪಾಯದಿಂದ ಪಾರಾದವರು; ಆ ಭಯವನ್ನು ಕಳೆಯಲೆಂದೇ ತಂದೆ ಅವರನ್ನು ಈಜಿಗೆ ಹಚ್ಚಿದರು. ಬೆಂಗಳೂರಿನವರೇ ಆದ ಶರತ್ ಗಾಯಕವಾಡ್ ಅವರ ಎಡಗೈ ಹುಟ್ಟಿನಿಂದಲೇ ಪೂರ್ಣವಾಗಿ ಬೆಳೆದಿರಲಿಲ್ಲ. ಅವರು 2014ರಲ್ಲಿ ಇಂಚಿಯಾನ್‌ನ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ ಆರು ಪದಕಗಳನ್ನು ಪಡೆದರು.

ನಮ್ಮ ಬಾವಿಗಳ ಶಾಲೆಯಲ್ಲಿ ಒಂದು ಕೊರತೆಯಿತ್ತೆಂಬುದನ್ನೂ ಹೇಳಬೇಕು. ಅಲ್ಲಿ ಹೆಚ್ಚಾಗಿ ಗಂಡುಮಕ್ಕಳೇ ಕಲಿಯುತ್ತಿದ್ದರು. ಆದರೆ ಹೊಳೆಗೆ ಬಟ್ಟೆ ಒಗೆಯಲು, ಬಾವಿಗೆ ನೀರು ತರಲು ನಿತ್ಯವೂ ಹೋಗುತ್ತಿದ್ದವರು ಹೆಣ್ಣುಮಕ್ಕಳು. ನೀರಿನ ಹತ್ತಿರ ಹೆಚ್ಚು ಸುಳಿದಾಡುವವರಿಗೇ ನೀರಿನ ವಿದ್ಯೆ ಇಲ್ಲದೆ ಹೋಯಿತು. ಕಲಕತ್ತೆಯ ಆರತಿ ಸಾಹಾ 1959ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮೊದಲ ಏಷ್ಯನ್ ಮಹಿಳೆಯಾದರು. ಹೆಣ್ಣುಮಕ್ಕಳಿಗೆ ಈಜು ಸಲ್ಲದೆಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಈಜು ಯಾರಿಗೂ ಅಲಂಕಾರವಲ್ಲ. ಎಲ್ಲರಿಗೂ ಅಗತ್ಯವಾದ ಜೀವರಕ್ಷಣೆಯ ವಿದ್ಯೆ.

ವಿದ್ಯಾರ್ಥಿಗಳು ಕೆಲವು ನಿಯಮಗಳನ್ನು ಮನಸ್ಸಿನಲ್ಲಿರಿಸಿಕೊಳ್ಳಬೇಕು. ಈಜು ಬಲ್ಲ ಹಿರಿಯರಿಲ್ಲದೆ ನೀರಿಗೆ ಇಳಿಯಬಾರದು. ಒಬ್ಬೊಬ್ಬರೇ ಎಂದೂ ಹೋಗಬಾರದು. ಕಾಲುವೆ, ಕೃಷಿಹೊಂಡ, ಕಲ್ಲುಕ್ವಾರಿಗಳು ಈಜುವ ತಾಣಗಳಲ್ಲ. ಆಳ ತಿಳಿಯದ ನೀರಿಗೆ ತಲೆ ಕೆಳಗಾಗಿ ಜಿಗಿಯಬಾರದು. ಮುಳುಗುತ್ತಿರುವವನು ಕೂಗುತ್ತಾನೆಂದು ಕಾಯಬಾರದು. ಉಸಿರಿಗಾಗಿಯೇ ಹೆಣಗುವವನಿಗೆ ಕೂಗಲು ಶಕ್ತಿಯಿರುವುದಿಲ್ಲ. ಅವನು ಅನೇಕ ವೇಳೆ ಸದ್ದಿಲ್ಲದೆ ಮುಳುಗುತ್ತಾನೆ. ಅವನನ್ನು ಕಂಡೊಡನೆ ನೀರಿಗೆ ಹಾರುವುದು ಸಾಹಸವೆಂದು ತೋರಬಹುದು. ಆದರೆ ಮುಳುಗುವವನು ಕೈಗೆ ಸಿಕ್ಕವರನ್ನು ಅಪ್ಪಿ ಹಿಡಿಯುತ್ತಾನೆ. ಒಬ್ಬನನ್ನು ಉಳಿಸಹೋಗಿ ಇಬ್ಬರು ಮೂವರು ಮುಳುಗಿದ ಪ್ರಸಂಗಗಳು ಕಡಿಮೆಯಿಲ್ಲ. ಮೊದಲು ಕೂಗಿ ಜನರನ್ನು ಕರೆಯಬೇಕು. ದಡದಲ್ಲಿಯೇ ನಿಂತು ಹಗ್ಗ, ಸೀರೆ, ಉದ್ದನೆಯ ಗಳ ಇವುಗಳಲ್ಲಿ ಸಿಕ್ಕಿದ್ದನ್ನು ಚಾಚಬೇಕು. ಖಾಲಿ ಕೊಡವನ್ನೋ ಮುಚ್ಚಿದ ಡಬ್ಬಿಯನ್ನೋ ಅವನ ಕಡೆಗೆ ಎಸೆಯಬೇಕು. ತೇಲುವ ಕೊಡವೊಂದು ಒಂದು ಜೀವವನ್ನು ಹೊರಬಲ್ಲದು. 108 ಇಲ್ಲವೆ 112ಕ್ಕೆ ದೂರವಾಣಿಯಲ್ಲಿ ತಿಳಿಸಬೇಕು.

ನೀರಿನ ಪ್ರೀತಿ ಸಹಜವಾದುದು. ಬರದ ನಾಡಿನವರಿಗೆ ಅದು ಇನ್ನೂ ಹೆಚ್ಚು. ಅದನ್ನು ಗದರಿಸಿ ಅಡಗಿಸುವುದರಿಂದ ಮಕ್ಕಳು ಹಿರಿಯರ ಕಣ್ಣು ತಪ್ಪಿಸಿ ನೀರಿಗೆ ಹೋಗುವಂತಾಗುತ್ತದೆಯೇ ಹೊರತು ನೀರಿನ ಅಪಾಯ ತಪ್ಪುವುದಿಲ್ಲ. ಹಿಂದೆ ಪ್ರೀತಿ ಮತ್ತು ಎಚ್ಚರ ಎರಡನ್ನೂ ಒಂದೇ ಬಾವಿಯ ದಂಡೆಯಲ್ಲಿ, ಹತ್ತು ಜನರ ನಡುವೆ ಕಲಿಸುತ್ತಿದ್ದರು. ಹಲಸಂಗಿಯ ಗೆಳೆಯರು ಮರೆಯಾಗುತ್ತಿದ್ದ ಹಾಡುಗಳನ್ನು ಕೂಡಿ ಉಳಿಸಿದಂತೆ, ಮರೆಯಾಗುತ್ತಿರುವ ಈ ವಿದ್ಯೆಯನ್ನೂ ಊರವರು ಕೂಡಿ ಉಳಿಸಬೇಕಾಗಿದೆ. ಪ್ರತಿಯೊಂದು ಊರಿನಲ್ಲಿಯೂ ಈಜು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರು ಗಟ್ಟಿಯಾಗಿರುವಾಗಲೇ ಒಂದು ಬಾವಿಯ ಹೂಳೆತ್ತಿ, ಒಂದು ಹಗ್ಗವನ್ನು ಅವರ ಕೈಗೆ ಕೊಟ್ಟು, ಊರಿನ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಅವರ ಬಳಿಗೆ ಕಳುಹಿಸುವುದು ಯಾವ ಊರಿಗೂ ಅಸಾಧ್ಯವಲ್ಲ.